ಒಣ ಹವೆಯಲ್ಲಿ ಅಣಬೆ ಹುಡುಕಲು ಹೋದಾಗ



ಮೊದಲ ಮಳೆ ಬಿದ್ದು ನಾಲ್ಕು ಗುಡುಗು ಕೇಳಿಸಿದರೆ ಸಾಕು, ನಮ್ಮ ಮನೆಗಳಲ್ಲಿ ಅಣಬೆಯ ಮಾತು ಆರಂಭವಾಗುತ್ತದೆ. ಕನ್ನಡದಲ್ಲಿ ಅಣಬೆ, ತುಳುವಿನಲ್ಲಿ ಲಾಂಬು, ಮಲಯಾಳದಲ್ಲಿ ಕೂಣ್. ಕಾಸರಗೋಡಿನ ಈ ಗಡಿನಾಡಿನಲ್ಲಿ ಹೆಸರುಗಳು ಹಲವು, ಆದರೆ ಪದಾರ್ಥದ ರುಚಿ ಎಲ್ಲರಿಗೂ ಒಂದೇ. ಈ ತಿಂಗಳ ಕೃಷಿ ಮತ್ತು ಆರೋಗ್ಯದ ಪಾಠಕ್ಕೆ ಅಣಬೆಯನ್ನೇ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮುಚ್ಚಿಡದೆ ಹೇಳಿದರೆ ನಿಮಗೂ ಉಪಯೋಗವಾದೀತು.

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಧರ್ಮಕೇಂದ್ರದ ಹನ್ನೆರಡು ಮಂದಿ ಒಂದು ಭಾನುವಾರ ಬಲಿಪೂಜೆಯ ನಂತರ ಗುಡ್ಡೆಯ ಕಾಡಿಗೆ ಅಣಬೆ ಹುಡುಕಲು ಹೊರಟೆವು. ಯುವಕರು ಕೇಳಿಕೊಂಡಿದ್ದರು, ನಾನು ಎರಡು ವಾರ ಮೊದಲೇ ದಿನ ನಿಶ್ಚಯಿಸಿ ಪ್ರಕಟಿಸಿದ್ದೆ. ಆಗ ಮಳೆ ಚೆನ್ನಾಗಿ ಸುರಿಯುತ್ತಿತ್ತು. ಆದರೆ ಹೊರಡುವ ದಿನಕ್ಕೆ ಮಳೆ ನಿಂತು ಹತ್ತು ದಿನ ಕಳೆದಿತ್ತು. ಕಾಲಿಟ್ಟಲ್ಲೆಲ್ಲ ತರಗೆಲೆ ಪರಪರ ಎನ್ನುತ್ತಿತ್ತು. ಮುರಕಲ್ಲಿನ ನೆಲ ಮೇ ತಿಂಗಳಿನಂತೆ ಬಿಸಿಯಾಗಿತ್ತು.

ದಾರಿ ತೋರಿಸಲು ನೆರೆಕರೆಯ ಅಜ್ಜನೊಬ್ಬರನ್ನು ಕರೆದಿದ್ದೆವು. ಅವರು ನಮ್ಮ ಸಭೆಯವರಲ್ಲ. ಚಿಕ್ಕಂದಿನಿಂದ ಅದೇ ಗುಡ್ಡೆಯಲ್ಲಿ ದನ ಮೇಯಿಸಿ, ಸೊಪ್ಪು ಕಡಿದು ಬೆಳೆದವರು. ಹೊರಡುವಾಗಲೇ ಅವರು ಆಕಾಶ ನೋಡಿ, “ಫಾದರೇ, ಇವತ್ತು ಬುಟ್ಟಿ ಹಗುರವೇ ಇರುತ್ತದೆ” ಎಂದಿದ್ದರು. ಆದರೆ ಮಧ್ಯಾಹ್ನದ ಊಟಕ್ಕೆ ಅಣಬೆ ಪದಾರ್ಥ ಮಾಡುವುದೆಂದು ತಾಯಂದಿರು ತೆಂಗಿನಕಾಯಿ ತುರಿದು ಇಟ್ಟಾಗಿತ್ತು. ಬರಿಗೈಯಲ್ಲಿ ಬರಲು ಯಾರಿಗೂ ಮನಸ್ಸಿರಲಿಲ್ಲ. ನನಗಂತೂ ಇರಲೇ ಇಲ್ಲ.

ಒಣ ಹವೆಯಲ್ಲಿ ಅಣಬೆ ಎಲ್ಲಿ ಹೋಗುತ್ತದೆ?

ನಮ್ಮ ಕಣ್ಣಿಗೆ ಕಾಣುವ ಕೊಡೆ ಅಣಬೆಯ ಪೂರ್ಣ ಶರೀರವಲ್ಲ. ಅದು ಮರದ ಹಣ್ಣಿದ್ದಂತೆ. ನಿಜವಾದ ಶರೀರ ಮಣ್ಣಿನೊಳಗೆ, ಕೊಳೆತ ಮರದೊಳಗೆ, ತರಗೆಲೆಯ ಅಡಿಯಲ್ಲಿ ಬಿಳಿ ನೂಲಿನ ಬಲೆಯಂತೆ ಹರಡಿರುತ್ತದೆ. ವರ್ಷವಿಡೀ ಅದು ಅಲ್ಲಿಯೇ ಇದೆ. ಹಸಿ ಅಣಬೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ನೀರು. ಆದುದರಿಂದ ನೆಲದಲ್ಲಿ ಪಸೆ ಇಲ್ಲದಾಗ ಆ ನೂಲುಗಳು ಕೊಡೆಯನ್ನು ಮೇಲಕ್ಕೆ ಕಳುಹಿಸುವುದಿಲ್ಲ. ಮಳೆ ಬಂದು ನೆಲ ನೆನೆದ ಮೇಲೆ ಕೆಲವೇ ದಿನಗಳಲ್ಲಿ ಏಳುತ್ತವೆ. ಗುಡುಗಿನಿಂದ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುವುದಿದೆ. ಗುಡುಗಿನ ಜೊತೆ ಮಳೆಯೂ ಬರುತ್ತದೆ ಎಂಬುದನ್ನು ನಾವು ಮರೆಯಬಾರದು.

ಹುತ್ತದ ಅಣಬೆಯ ವಿಷಯ ಇನ್ನೂ ವಿಶೇಷವಾದುದು. ಅದನ್ನು ಬೆಳೆಸುವ ಕೃಷಿಕರು ಗೆದ್ದಲುಗಳೇ. ಅವು ತಂದ ಎಲೆ, ಮರದ ಚೂರುಗಳನ್ನು ಹುತ್ತದೊಳಗೆ ಜೇನುಗೂಡಿನಂತೆ ಜೋಡಿಸಿ, ಅದರ ಮೇಲೆ ಈ ಅಣಬೆಯ ನೂಲನ್ನು ಬೆಳೆಸಿ ತಿನ್ನುತ್ತವೆ. ಮಳೆಗಾಲದಲ್ಲಿ ಅದೇ ನೂಲು ಬೇರಿನಂಥ ಉದ್ದ ಬಾಲದ ಮೂಲಕ ಮಣ್ಣನ್ನು ಸೀಳಿ ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಹುತ್ತವನ್ನು ಒಡೆದರೆ ಬರುವ ವರ್ಷದ ಅಣಬೆಯೂ ಹೋದಂತೆಯೇ. ಇದನ್ನು ತಿಳಿದವರು ಕೊಡೆಯನ್ನಷ್ಟೇ ತೆಗೆದು ಹುತ್ತವನ್ನು ಇದ್ದಂತೆ ಬಿಡುತ್ತಾರೆ.

ಆ ದಿನ ನಮಗೆ ಸಿಕ್ಕಿದ್ದು

ಎರಡು ಗಂಟೆ ನಡೆದೆವು. ಅಜ್ಜ ಪ್ರತಿ ವರ್ಷ ನೋಡುವ ಮೂರು ಜಾಗಗಳಲ್ಲಿ ಎರಡು ಬರಿದಾಗಿದ್ದವು. ಮೂರನೆಯ ಕಡೆ ಮಳೆಯಿದ್ದಾಗ ಎದ್ದ ಅಣಬೆಗಳು ಒಣಗಿ, ಕಪ್ಪಗಾಗಿ, ಹುಳ ಹಿಡಿದಿದ್ದವು.

ಮುರಕಲ್ಲಿನ ಜಾಗದಲ್ಲಿ ಮಕ್ಕಳಿಗೆ ಕಂದು ಬಣ್ಣದ ಕೆಲವು ಗಟ್ಟಿ ಉಂಡೆಗಳು ಸಿಕ್ಕಿದವು. ಅವು ಹಳೆಯ ಕಲ್ಲಣಬೆಯ ಚಿಪ್ಪುಗಳು. ಮಳೆಗಾಲದ ಆರಂಭದಲ್ಲಿ ನಮ್ಮ ಕರಾವಳಿಯ ಪೇಟೆಗಳಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುವ ಕಲ್ಲಣಬೆ ಇದೇ. ವಿಜ್ಞಾನಿಗಳು ಇದನ್ನು ಆಸ್ಟ್ರಿಯಸ್ ಎನ್ನುತ್ತಾರೆ. ಕಿರಾಲ್‌ಬೋಗಿಯಂಥ ಕಾಡುಮರಗಳ ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ಇದು ಬದುಕುತ್ತದೆ. ಎಳೆಯದಾಗಿದ್ದಾಗ ಒಳಗೆ ಅಚ್ಚ ಬಿಳಿ, ಆಗ ಮಾತ್ರ ತಿನ್ನಲು ಯೋಗ್ಯ. ಬೆಳೆದ ಮೇಲೆ ಒಳಗೆ ಕಂದು ಪುಡಿ ತುಂಬುತ್ತದೆ, ಹೊರಚಿಪ್ಪು ನಕ್ಷತ್ರದಂತೆ ಸೀಳುತ್ತದೆ. ಒಣ ಹವೆಯಲ್ಲಿ ಆ ನಕ್ಷತ್ರದ ಎಸಳುಗಳು ಒಳಕ್ಕೆ ಮಡಚಿ ಮುಷ್ಟಿಯಂತಾಗುತ್ತವೆ, ಪಸೆ ತಾಗಿದರೆ ಪುನಃ ಬಿಚ್ಚುತ್ತವೆ. ನಾವು ಒಂದನ್ನು ನೀರಿನ ಲೋಟದಲ್ಲಿ ಹಾಕಿದೆವು. ಸ್ವಲ್ಪ ಹೊತ್ತಿನಲ್ಲಿ ಅದು ಮೆಲ್ಲನೆ ಬಿಚ್ಚಿತು. ಮಕ್ಕಳಿಗೆ ಆ ದಿನದ ದೊಡ್ಡ ಸಂತೋಷ ಅದೇ ಆಗಿತ್ತು.

ಕೊನೆಗೆ ತೋಡಿನ ಬದಿಯ ನೆರಳಿನಲ್ಲಿ ಆರು ಬಿಳಿ ಅಣಬೆಗಳು ಕಂಡವು. ಕೊಡೆಯ ಅಂಚು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಎಲ್ಲರ ಮುಖ ಅರಳಿತು. ಅಜ್ಜ ಇನ್ನೂ ಹಿಂದೆ ಇದ್ದರು. ನಾನು ಮುಂದೆ ಹೋಗಿ ಎರಡನ್ನು ಎಳೆದು ಕಿತ್ತೆ. “ಹುತ್ತದ ಅಣಬೆಯೇ” ಎಂದು ಒಬ್ಬ ಯುವಕ ಹೇಳಿದ. ನಾನೂ ಹೌದೆಂದೆ. ಫಾದರ್ ಹೌದೆಂದ ಮೇಲೆ ಇಲ್ಲವೆನ್ನುವವರು ಯಾರು? ಅವು ಬುಟ್ಟಿಗೆ ಬಿದ್ದವು.

ಅಷ್ಟರಲ್ಲಿ ಅಜ್ಜ ಬಂದರು. ಬುಟ್ಟಿಯಲ್ಲಿದ್ದುದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಇದರ ಬುಡ ಎಲ್ಲಿ?” ಎಂದು ಕೇಳಿದರು. ಬುಡ ಇರಲಿಲ್ಲ. ಒಣಗಿದ ಗಟ್ಟಿ ನೆಲದಲ್ಲಿ ನಾನು ಎಳೆದಾಗ ದಂಟು ತುಂಡಾಗಿ ಬುಡ ಮಣ್ಣಿನಲ್ಲೇ ಉಳಿದಿತ್ತು. ಅವರು ಕುಳಿತು, ಉಳಿದ ಒಂದರ ಸುತ್ತ ಕತ್ತಿಯ ತುದಿಯಿಂದ ಮೆಲ್ಲನೆ ಮಣ್ಣು ಬಿಡಿಸಿ ಪೂರ್ತಿಯಾಗಿ ಎತ್ತಿದರು. ಹುತ್ತದ ಅಣಬೆಗಿರುವ ಉದ್ದ ಬಾಲ ಅದಕ್ಕೆ ಇರಲಿಲ್ಲ. ದಂಟಿನ ಬುಡ ಒಂದು ಹರಿದ ಬಿಳಿ ಚೀಲದೊಳಗೆ ಕುಳಿತಿತ್ತು.

“ಫಾದರೇ, ಚೀಲ ಇರುವುದನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬುಡ ನೋಡದೆ ಹೆಸರು ಹೇಳಬಾರದು” ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನನಗೆ ಮಾತ್ರ ಆ ಬಿಸಿಲಿನಲ್ಲೂ ಮೈ ತಣ್ಣಗಾಯಿತು. ನನ್ನ ಮಾತನ್ನು ನಂಬಿ ಹನ್ನೆರಡು ಮಂದಿ ಊಟಕ್ಕೆ ಕುಳಿತುಕೊಳ್ಳುವವರಿದ್ದರು. ಅವರಲ್ಲಿ ನಾಲ್ವರು ಮಕ್ಕಳು.

ಒಣ ಹವೆಯಲ್ಲಿ ಅಪಾಯ ಹೆಚ್ಚೇಕೆ?

ಮನೆಗೆ ಬಂದು ಇದನ್ನು ಕುರಿತು ಓದಿ, ಯೋಚಿಸಿದೆ. ಮಳೆ ಕಡಿಮೆಯಿರುವಾಗ ಅಣಬೆ ಕಡಿಮೆ, ಆದುದರಿಂದ ಅಪಾಯವೂ ಕಡಿಮೆ ಎಂದು ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. ಕಾರಣಗಳು ಮೂರು.

1. ಗುರುತುಗಳು ಅಳಿಯುತ್ತವೆ. ಪ್ರಾಣಾಂತಿಕವಾದ ಅಣಬೆಗಳಲ್ಲಿ ಹಲವು ಅಮಾನಿಟ ಎಂಬ ಕುಲಕ್ಕೆ ಸೇರಿದವು. ಈ ಕುಲದ ಅಣಬೆಗಳು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಇವೆ. ಬುಡದಲ್ಲಿ ಚೀಲ, ದಂಟಿನ ಮೇಲೆ ಬಳೆಯಂಥ ಪೊರೆ, ಕೊಡೆಯ ಮೇಲೆ ಹುರುಪೆ, ಕೊಡೆಯ ಅಡಿಯಲ್ಲಿ ಬಿಳಿ ಪದರಗಳು ಈ ಕುಲದ ಗುರುತುಗಳು. ಎಲ್ಲದರಲ್ಲಿಯೂ ಎಲ್ಲ ಗುರುತೂ ಇರುವುದಿಲ್ಲ. ಒಣಗಿದಾಗ ಪೊರೆ ಮುದುಡಿ ಉದುರುತ್ತದೆ, ಹುರುಪೆ ಕಳಚುತ್ತದೆ, ಬಣ್ಣ ಮಾಸುತ್ತದೆ, ಚೀಲ ನೆಲದಲ್ಲೇ ಉಳಿಯುತ್ತದೆ.

2. ಪರೀಕ್ಷೆ ಮಾಡಲಾಗುವುದಿಲ್ಲ. ತಿಳಿದವರು ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕವುಚಿ ರಾತ್ರಿಯಿಡೀ ಮುಚ್ಚಿಟ್ಟು, ಉದುರುವ ಪುಡಿಯ ಬಣ್ಣ ನೋಡುತ್ತಾರೆ. ಹುತ್ತದ ಅಣಬೆಯ ಪುಡಿ ನಸುಗೆಂಪು. ಅದನ್ನೇ ಹೋಲುವ, ಹುಲ್ಲುಗಾವಲಿನಲ್ಲಿ ಏಳುವ, ಮೈಮೇಲೆ ಕಂದು ಹುರುಪೆಯಿರುವ ದೊಡ್ಡ ಬಿಳಿ ವಿಷದ ಅಣಬೆಯೊಂದರ ಪುಡಿ ಹಸಿರು. ಒಣಗಿಹೋದ ಕೊಡೆಯಿಂದ ಪುಡಿಯೇ ಉದುರುವುದಿಲ್ಲ. ಪುಡಿಯ ಬಣ್ಣವೊಂದರಿಂದಲೇ ತಿನ್ನಬಹುದೆಂದು ತೀರ್ಮಾನಿಸಲೂ ಬಾರದು.

3. ನಮ್ಮ ಮನಸ್ಸು ಸಡಿಲವಾಗುತ್ತದೆ. ಇದೇ ಮುಖ್ಯ ಕಾರಣ. ಬುಟ್ಟಿ ತುಂಬಿದ್ದಾಗ ಸಂಶಯದ ಅಣಬೆಯನ್ನು ಬಿಸಾಡುವುದು ಸುಲಭ. ಬುಟ್ಟಿ ಬರಿದಾಗಿದ್ದಾಗ, ಹತ್ತು ಮಂದಿ ಬೆವರು ಸುರಿಸಿ ನಡೆದಿರುವಾಗ, ಸಿಕ್ಕಿದ್ದನ್ನು ಒಳ್ಳೆಯದೆಂದು ನಂಬಲು ಆಸೆಯಾಗುತ್ತದೆ. ಗುಂಪಿನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಗೊತ್ತಿರಬಹುದೆಂದು ಸುಮ್ಮನಿರುತ್ತಾರೆ.

ಕಲ್ಲಣಬೆ ಕೀಳುವವರೂ ಒಂದು ಎಚ್ಚರ ವಹಿಸಬೇಕು. ಪ್ರತಿಯೊಂದು ಉಂಡೆಯನ್ನೂ ಉದ್ದಕ್ಕೆ ಎರಡು ಹೋಳು ಮಾಡಿ ನೋಡಬೇಕು. ಒಳಗೆ ಒಂದೇ ಸಮ ಬಿಳಿ ಇಲ್ಲದೆ ನೇರಳೆ, ಕಪ್ಪು ಅಥವಾ ಕಂದು ಕಂಡರೆ ಬಿಸಾಡಬೇಕು. ಒಳಗೆ ಪುಟ್ಟ ಕೊಡೆ ಮತ್ತು ದಂಟಿನ ಆಕಾರ ಕಂಡರೆ ಅದು ಕಲ್ಲಣಬೆಯೇ ಅಲ್ಲ. ಇನ್ನೂ ಅರಳದ ಅಮಾನಿಟ ಮೊಗ್ಗು ಹೀಗೆಯೇ ಇರುತ್ತದೆ.

ನಂಬಬಾರದ ಪರೀಕ್ಷೆಗಳು

ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಅರಿಶಿನ ಅಥವಾ ಬೆಳ್ಳುಳ್ಳಿ ಹಾಕಿದಾಗ ಬಣ್ಣ ಬದಲಾದರೆ ವಿಷ, ಹುಳ ತಿಂದಿದ್ದರೆ ಮನುಷ್ಯನಿಗೂ ಒಳ್ಳೆಯದು, ಬಿಳಿ ಬಣ್ಣದ್ದೆಲ್ಲ ಒಳ್ಳೆಯದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ, ಬಿಸಿಲಿಗೆ ಒಣಗಿಸಿದರೆ ಹೋಗುತ್ತದೆ ಎಂಬ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಇವುಗಳಲ್ಲಿ ಒಂದೂ ಸರಿಯಲ್ಲ. ಅಮಾನಿಟದ ಮಾರಕ ವಿಷ ಕುದಿಸಿದರೂ, ಹುರಿದರೂ, ಒಣಗಿಸಿದರೂ ಹಾಳಾಗುವುದಿಲ್ಲ. ರುಚಿಯಿಂದಲೂ ಅದು ತಿಳಿಯುವುದಿಲ್ಲ. ಸ್ವಲ್ಪ ತಿಂದು ನೋಡುವುದೂ ಪರೀಕ್ಷೆಯಲ್ಲ. ಒಂದು ದೊಡ್ಡ ಅಣಬೆಯೇ ಒಬ್ಬ ವಯಸ್ಕನ ಪ್ರಾಣ ತೆಗೆಯಲು ಸಾಕು.

ಗಡಿಯಾರ ಹೇಳುವ ಸತ್ಯ

ಹಸಿರು ಪುಡಿಯ ಅಣಬೆಯಂಥವನ್ನು ತಿಂದರೆ ಸಾಮಾನ್ಯವಾಗಿ ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ. ತುಂಬಾ ಕಷ್ಟವಾಗುತ್ತದೆ, ಆದರೆ ಚಿಕಿತ್ಸೆ ದೊರೆತರೆ ಹೆಚ್ಚಿನವರು ಗುಣವಾಗುತ್ತಾರೆ.

ಮಾರಕ ವಿಷದ ರೀತಿಯೇ ಬೇರೆ. ತಿಂದ ಮೇಲೆ ಆರರಿಂದ ಹನ್ನೆರಡು ಗಂಟೆಯವರೆಗೆ, ಕೆಲವೊಮ್ಮೆ ಇಡೀ ಒಂದು ದಿನ ಏನೂ ಆಗುವುದಿಲ್ಲ. ಅನಂತರ ಕಾಲರಾ ರೋಗದಂತೆ ನೀರುಭೇದಿ, ವಾಂತಿ. ಎರಡನೆಯ ದಿನ ಅದು ಕಡಿಮೆಯಾಗಿ ರೋಗಿ ಎದ್ದು ಕುಳಿತುಕೊಳ್ಳಬಹುದು. ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ. ಆದರೆ ಆ ಹೊತ್ತಿಗೆ ಒಳಗೆ ಪಿತ್ತಜನಕಾಂಗ, ಅಂದರೆ ಲಿವರ್, ಹಾಳಾಗುತ್ತಿರುತ್ತದೆ. ಮೂರು ನಾಲ್ಕನೆಯ ದಿನ ಕಣ್ಣು ಹಳದಿಯಾಗಿ ಪ್ರಜ್ಞೆ ತಪ್ಪುವಾಗ ಉಳಿಸುವುದು ಬಹಳ ಕಷ್ಟ.

2022ರ ಏಪ್ರಿಲ್ ತಿಂಗಳಿನಲ್ಲಿ ಅಸ್ಸಾಂ ರಾಜ್ಯದ ಮೇಲ್ಭಾಗದಲ್ಲಿ ಕಾಡಿನ ಅಣಬೆ ತಿಂದು ಹದಿಮೂರು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳಲ್ಲಿ ಕೆಲಸ ಮಾಡುವ ಕುಟುಂಬಗಳವರು. ಅವರೂ ನಮ್ಮಂತೆ ಪದಾರ್ಥಕ್ಕೆಂದು ತಂದವರೇ.

ತಿಂದ ಮೇಲೆ ಸಂಶಯ ಬಂದರೆ

1. ಕಾಯಬೇಡಿ. 108ಕ್ಕೆ ಕರೆಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ.
2. ಅದೇ ಪದಾರ್ಥ ತಿಂದ ಎಲ್ಲರನ್ನೂ ಕರೆದುಕೊಂಡು ಹೋಗಿ, ಏನೂ ಆಗದವರನ್ನು ಸಹ.
3. ಎಷ್ಟು ಗಂಟೆಗೆ ತಿಂದಿರಿ, ಯಾವಾಗ ವಾಂತಿ ಆರಂಭವಾಯಿತು ಎಂದು ಬರೆದುಕೊಳ್ಳಿ. ವೈದ್ಯರಿಗೆ ಇದು ಬಹಳ ಮುಖ್ಯ.
4. ಉಳಿದ ಹಸಿ ಅಣಬೆಯನ್ನೂ ಸಿಪ್ಪೆಯನ್ನೂ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಬೇಯಿಸಿದ್ದು ಉಳಿದಿದ್ದರೆ ಅದನ್ನೂ ಕೊಂಡುಹೋಗಿ.
5. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಅಥವಾ ಸೊಪ್ಪಿನ ರಸ ಕುಡಿಸುವುದು ಬೇಡ. ಅದರಿಂದ ಸಮಯ ಹಾಳಾಗುತ್ತದೆ, ಕೆಲವೊಮ್ಮೆ ಶ್ವಾಸಕೋಶಕ್ಕೆ ಹೋಗಿ ಬೇರೆ ತೊಂದರೆಯಾಗುತ್ತದೆ.
6. ವಾಂತಿ ಭೇದಿ ನಿಂತಿತೆಂದು ವೈದ್ಯರು ಹೇಳುವ ಮೊದಲೇ ಮನೆಗೆ ಬರಬೇಡಿ. ಹಲವು ಜಾತಿ ಬೆರೆಸಿ ಬೇಯಿಸಿದ್ದರೆ ಬೇಗ ಕೆಲಸ ಮಾಡುವ ವಿಷದ ಹಿಂದೆ ನಿಧಾನ ವಿಷವೂ ಇರಬಹುದು.

ಗುಂಪಾಗಿ ಹೋಗುವವರಿಗೆ ನಿಯಮಗಳು

ಆ ದಿನದ ನಂತರ ನಾವು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ನಿಮ್ಮ ಮನೆಯವರೂ ಪಾಲಿಸಬಹುದು.

ಮೊದಲನೆಯದಾಗಿ, ದಿನವನ್ನು ಪಂಚಾಂಗ ನೋಡಿ ನಿಶ್ಚಯಿಸದೆ ನೆಲ ನೋಡಿ ನಿಶ್ಚಯಿಸಬೇಕು. ಮಳೆ ನಿಂತು ವಾರ ಕಳೆದಿದ್ದರೆ ನಡಿಗೆಯನ್ನು ಕಾಡು ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ, ಬುಟ್ಟಿಯನ್ನು ಮನೆಯಲ್ಲಿ ಬಿಡಿ. ಅಡಿಗೆಯವರು ಬೇರೆ ಪದಾರ್ಥಕ್ಕೆ ಸಿದ್ಧರಾಗಿರಲಿ.

ಎರಡನೆಯದಾಗಿ, ತಿಳಿದವರೊಬ್ಬರು ಜೊತೆಗಿರಬೇಕು, ಅವರು ಬರುವ ಮೊದಲು ಯಾರೂ ಕೀಳಬಾರದು. ಹತ್ತು ಮಂದಿ ಹೌದೆಂದರೂ ಒಬ್ಬರಿಗೆ ಸಂಶಯವಿದ್ದರೆ ಅದನ್ನು ಬಿಡಬೇಕು. ಆ ಒಬ್ಬರು ಮಗುವಾಗಿದ್ದರೂ ಸರಿ. ಹೌದೆಂದವರು ಊರಿನ ದೊಡ್ಡವರಾಗಿದ್ದರೂ ಸರಿ.

ಮೂರನೆಯದಾಗಿ, ಎಳೆಯಬಾರದು, ಬುಡ ಸಹಿತ ಬಿಡಿಸಿ ನೋಡಬೇಕು. ಜಾತಿಗೊಂದು ಬುಟ್ಟಿ ಇರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವರಿ ಕೊಳೆಯುತ್ತದೆ, ಬೆತ್ತದ ಅಥವಾ ಮಡಲಿನ ಬುಟ್ಟಿ ಒಳ್ಳೆಯದು. ಒಣಗಿದ್ದನ್ನು, ಕೊಳೆತದ್ದನ್ನು ತಿನ್ನುವ ಜಾತಿಯದಾದರೂ ತರಬಾರದು.

ನಾಲ್ಕನೆಯದಾಗಿ, ಬೇಯಿಸುವ ಮೊದಲು ಒಂದನ್ನು ಪೂರ್ತಿಯಾಗಿ ಕಾಗದದಲ್ಲಿ ಸುತ್ತಿ ಎರಡು ದಿನ ತೆಗೆದಿಡಬೇಕು. ಅಣಬೆಯನ್ನು ಹಸಿಯಾಗಿ ತಿನ್ನಬಾರದು.

ಐದನೆಯದಾಗಿ, ರಕ್ಷಿತಾರಣ್ಯಕ್ಕೆ ಅಪ್ಪಣೆಯಿಲ್ಲದೆ ಹೋಗಬಾರದು. ಉದ್ದ ತೋಳಿನ ಅಂಗಿ, ಮುಚ್ಚಿದ ಚಪ್ಪಲಿ ಧರಿಸಬೇಕು. ತರಗೆಲೆಯನ್ನು ಕೈಯಿಂದಲ್ಲ, ಕೋಲಿನಿಂದ ಸರಿಸಬೇಕು, ಹಾವಿರಬಹುದು. ಡಿಸೆಂಬರಿನಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿ ಕಾಡಿನ ಉಣುಗುಗಳ ಬಗ್ಗೆಯೂ ಎಚ್ಚರವಿರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅವೇ. 2013ರಲ್ಲಿ ಅದು ವಯನಾಡಿನಲ್ಲಿಯೂ ಕಾಣಿಸಿಕೊಂಡಿತು. ಮನೆಗೆ ಬಂದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸ್ನಾನಮಾಡಿ, ಮಕ್ಕಳ ಮೈ ಪರೀಕ್ಷಿಸಿ.

ನಮ್ಮ ತೋಟದೊಳಗಿನ ಅಣಬೆ

ಕಾಡಿನಿಂದ ಹಿಂದಿರುಗುವಾಗ ಒಂದು ಅಡಿಕೆ ತೋಟದ ಅಂಚಿನಲ್ಲಿ ಮರದ ಬುಡಕ್ಕೆ ಅಂಟಿಕೊಂಡ, ಕಂದು ಬಣ್ಣದ, ಮರದಂತೆ ಗಟ್ಟಿಯಾದ ಅಣಬೆಯನ್ನು ಅಜ್ಜ ತೋರಿಸಿದರು. ಒಣ ಹವೆಯಲ್ಲಿಯೂ ನಿಲ್ಲುವಂಥವು ಇವು. ಕೃಷಿಕರು ಅಣಬೆ ರೋಗ ಎನ್ನುವುದು ಇದನ್ನೇ. ಅಡಿಕೆಗೂ ತೆಂಗಿಗೂ ಬರುತ್ತದೆ. ಬುಡದಲ್ಲಿ ಈ ಕೊಡೆ ಕಾಣುವ ಹೊತ್ತಿಗೆ ಒಳಗಿನ ಬೇರು, ಕಾಂಡ ಕೊಳೆತಿರುತ್ತದೆ. ಅದಕ್ಕೆ ಮೊದಲೇ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬೀಳುವುದು, ಬುಡದಿಂದ ಕಂದು ರಸ ಸೋರುವುದು ಕಾಣುತ್ತದೆ. ಆಗಲೇ ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಣಿ ತೋಡಿ ರೋಗ ಇತರ ಮರಗಳಿಗೆ ಹೋಗದಂತೆ ತಡೆಯಬೇಕು. ಸತ್ತ ಮರವನ್ನು ಬೇರು ಸಹಿತ ತೆಗೆದು ಸುಡಬೇಕು. ಆ ಮರದ ಬುಡದ ನೀರು ಉಳಿದ ಮರಗಳಿಗೆ ಹರಿಯಬಾರದು. ಬೇವಿನ ಹಿಂಡಿ, ಟ್ರೈಕೋಡರ್ಮ ಹಾಕುವ ಪ್ರಮಾಣವನ್ನು ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ಕೇಳಿ ತಿಳಿಯಿರಿ.

ಇನ್ನೊಂದು ಮಾತು. ತಿನ್ನುವ ಜಾತಿಯದೇ ಆದರೂ ಮದ್ದು ಸಿಂಪಡಿಸಿದ ತೋಟದ ಅಣಬೆ ಬೇಡ. ಅಣಬೆ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುತ್ತದೆ. ಕೊಳೆರೋಗಕ್ಕೆಂದು ನಾವು ವರ್ಷವರ್ಷವೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ, ಅದರ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ಗುಡ್ಡೆಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಲ್ಲಿಸಿತು. ರಸ್ತೆ ಬದಿಯ, ಕಸ ಹಾಕುವ ಜಾಗದ ಅಣಬೆಯೂ ಬೇಡ.

ಆಸೆಯಾದರೆ ಮನೆಯಲ್ಲೇ ಬೆಳೆಸಿ

ಹುತ್ತದ ಅಣಬೆಯನ್ನು ಗೆದ್ದಲಿಲ್ಲದೆ ಕೃಷಿ ಮಾಡಲು ಮನುಷ್ಯನಿಗೆ ಇನ್ನೂ ಸಾಧ್ಯವಾಗಿಲ್ಲ. ಆದರೆ ಚಿಪ್ಪು ಅಣಬೆಯನ್ನು ಯಾರೂ ಬೆಳೆಸಬಹುದು. ಬೈಹುಲ್ಲಿನ ಮೇಲೆ ಮಾತ್ರವಲ್ಲ, ತೆಂಗು ಮತ್ತು ಅಡಿಕೆ ತೋಟದ ಕಸದ ಮೇಲೂ ಇದು ಬರುತ್ತದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನೆಗೆಂದು ಆರಂಭವಾಗಿ, ಈಗ ಸಿ.ಪಿ.ಸಿ.ಆರ್.ಐ. ಎಂದು ಹೆಸರಾದ ಸಂಸ್ಥೆಯಲ್ಲಿ ಈ ಕುರಿತು ಕೆಲಸ ನಡೆದಿದೆ. ಕ್ರಮ ಹೀಗೆ:

1. ಹೊಸ, ಹಳದಿ ಬಣ್ಣದ ಒಣ ಬೈಹುಲ್ಲನ್ನು ಎರಡು ಇಂಚಿನ ತುಂಡುಗಳಾಗಿ ಕತ್ತರಿಸಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ.
2. ಮಾರನೆಯ ದಿನ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿ, ತೊಳೆದ ಚಾಪೆಯ ಮೇಲೆ ನೆರಳಿನಲ್ಲಿ ಹರಡಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ.
3. ಒಂದು ಅಡಿ ಅಗಲ, ಎರಡು ಅಡಿ ಉದ್ದದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನ ಸುತ್ತ ಸ್ವಲ್ಪ ಅಣಬೆ ಬೀಜ, ಪುನಃ ಹುಲ್ಲು, ಹೀಗೆ ನಾಲ್ಕೈದು ಪದರ ತುಂಬಿ ಬಾಯಿ ಕಟ್ಟಿ. ಒಂದು ಕಿಲೋ ಒಣ ಹುಲ್ಲಿಗೆ 100 ಗ್ರಾಂ ಬೀಜ ಸಾಕು. ಸುತ್ತಲೂ ಹತ್ತು ಹನ್ನೆರಡು ಸಣ್ಣ ತೂತು ಮಾಡಿ.
4. ಹದಿನೈದರಿಂದ ಇಪ್ಪತ್ತು ದಿನ ಕತ್ತಲೆಯ, ತಂಪಾದ ಕೋಣೆಯಲ್ಲಿಡಿ. ಹುಲ್ಲೆಲ್ಲ ಬಿಳಿಯಾದ ಮೇಲೆ ಚೀಲವನ್ನು ಸೀಳಿ, ಗಾಳಿ ಬೆಳಕು ಬರುವಲ್ಲಿ ತೂಗುಹಾಕಿ, ದಿನಕ್ಕೆ ಎರಡು ಮೂರು ಸಲ ನೀರನ್ನು ತುಂತುರಾಗಿ ಸಿಂಪಡಿಸಿ. ಹಸಿರು ಬೂಸರು ಹಿಡಿದ ಚೀಲವನ್ನು ದೂರ ಕೊಂಡುಹೋಗಿ ಹೂಳಿ.
5. ಒಂದು ವಾರದೊಳಗೆ ಮೊದಲ ಬೆಳೆ. ಅಂಚು ಮೇಲಕ್ಕೆ ಸುರುಳುವ ಮೊದಲೇ ಕೊಯ್ಯಿರಿ. ವಾರ, ಹತ್ತು ದಿನದ ಅಂತರದಲ್ಲಿ ಇನ್ನೂ ಎರಡು ಬೆಳೆ ಬರುತ್ತದೆ. ಒಂದು ಕಿಲೋ ಹುಲ್ಲಿಗೆ ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ನಿರೀಕ್ಷಿಸಬಹುದು. ಉಳಿದ ಹುಲ್ಲು ಒಳ್ಳೆಯ ಗೊಬ್ಬರ.

ಚಿಪ್ಪು ಅಣಬೆ ಬಲಿತಾಗ ಬಿಡುವ ಪುಡಿಯಿಂದ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ. ಕೊಯ್ಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮಲಗುವ ಕೋಣೆಯಲ್ಲಿ ಬೆಳೆಸಬೇಡಿ. ಅಣಬೆ ಮಾಂಸಕ್ಕೆ ಸಮ ಎನ್ನುವ ಮಾತೂ ಅಷ್ಟು ಸರಿಯಲ್ಲ. 100 ಗ್ರಾಂ ಹಸಿ ಅಣಬೆಯಲ್ಲಿ ಸುಮಾರು 3 ಗ್ರಾಂ ಸಸಾರಜನಕವಿದೆ. ಒಳ್ಳೆಯ ತರಕಾರಿ ಎಂದು ತಿಳಿದು ಉಣ್ಣೋಣ.

ಕೊನೆಯ ಮಾತು

ಆ ಭಾನುವಾರ ನಾವು ಬರಿಗೈಯಲ್ಲಿ ಬಂದೆವು. ತುರಿದ ತೆಂಗಿನಕಾಯಿಗೆ ಸೌತೆಕಾಯಿ ಹಾಕಿ ತಾಯಂದಿರು ಪದಾರ್ಥ ಮಾಡಿದರು. ಅಜ್ಜನೂ ನಮ್ಮ ಜೊತೆ ಕುಳಿತು ಉಂಡರು. ಊಟದ ನಂತರ ನಾನು ಎಲ್ಲರ ಮುಂದೆ, “ಇವತ್ತು ಗೊತ್ತಿಲ್ಲದೆ ಹೌದೆಂದೆ, ಅದು ತಪ್ಪು” ಎಂದು ಹೇಳಿದೆ. ಆಗ ಒಂಬತ್ತು ವರ್ಷದ ಹುಡುಗಿಯೊಬ್ಬಳು, “ಫಾದರ್, ನನಗೆ ಆಗಲೇ ಸಂಶಯವಿತ್ತು. ನೀವು ಹೇಳಿದ್ದರಿಂದ ಸುಮ್ಮನಿದ್ದೆ” ಎಂದಳು. ಅವಳ ಆ ಮಾತಿನಿಂದಲೇ ನಮ್ಮ ಎರಡನೆಯ ನಿಯಮ ಹುಟ್ಟಿತು.

ಮುಂದಿನ ಮಳೆಗೆ ಕಾಡಿಗೆ ಹೋಗುವಾಗ ನಿಮ್ಮ ಮನೆಯ ಮಕ್ಕಳಿಗೂ ಆ ನಿಯಮವನ್ನು ಮೊದಲೇ ಹೇಳಿಬಿಡಿ. ಬುಟ್ಟಿ ಬರಿದಾಗಿ ಬಂದರೆ ಒಂದು ಹೊತ್ತಿನ ಪದಾರ್ಥ ಮಾತ್ರ ತಪ್ಪುತ್ತದೆ.